ಷಡ್ಡಕನ ಮುಂದೆ ನಿಂತುಹೋದ ಕಾರು

ಹೊಟ್ಟೆಕಿಚ್ಚು ಬಹಳ ದೂರ ಹೋಗುವುದಿಲ್ಲ ಎಂಬುದು ನನ್ನ ಸ್ವಾನುಭವ. ದೇಶದ ದೊಡ್ಡ ದೊಡ್ಡ ಶ್ರೀಮಂತರ ಮೇಲೆ ನನಗೆ ಎಳ್ಳಷ್ಟೂ ಅಸೂಯೆ ಇಲ್ಲ. ಅವರು ವಿಮಾನ ಕೊಂಡರೂ ಸರಿ, ದ್ವೀಪ ಕೊಂಡರೂ ಸರಿ, ಪೇಪರಿನಲ್ಲಿ ಓದಿ ಮಡಚಿಟ್ಟು ಸುಖವಾಗಿ ಕಾಫಿ ಕುಡಿಯುತ್ತೇನೆ. ನನ್ನ ಹೊಟ್ಟೆಕಿಚ್ಚು ಮೂಡಬಿದ್ರೆಯಿಂದ ಹೊರಟರೆ ಬಂಟ್ವಾಳದವರೆಗೆ ಹೋಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಬಂಟ್ವಾಳದಲ್ಲಿ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ನೇಮಿರಾಜ ಇದ್ದಾನೆ. ಷಡ್ಡಕನೆಂಬ ಸಂಬಂಧವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಇಬ್ಬರಿಗೂ ಒಬ್ಬನೇ ಮಾವ, ಒಂದೇ ಚಾವಡಿ, ಅದರಲ್ಲಿ ಎರಡು ಕುರ್ಚಿ. ಮಾವ ಮೊದಲು ಯಾರ ಕಡೆ ತಿರುಗಿ ಮಾತಾಡಿದರು, ಅತ್ತೆ ಯಾರ ಎಲೆಗೆ ಎರಡನೆಯ ಸಲ ಪಾಯಸ ಬಡಿಸಿದರು ಎಂದು ಮನುಷ್ಯ ಬದುಕಿರುವವರೆಗೂ ಗಮನಿಸುತ್ತಲೇ ಇರಬೇಕಾಗುತ್ತದೆ.

ನೇಮಿರಾಜ ಒಳ್ಳೆಯವನು. ನನ್ನ ಕಷ್ಟ ಶುರುವಾಗುವುದೇ ಅಲ್ಲಿಂದ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಬಂಟ್ವಾಳದಲ್ಲಿ ಅವನಿಗೆ ಹಾರ್ಡ್‌ವೇರ್ ಅಂಗಡಿ; ನಾನು ಇಲ್ಲಿ ಒಂದು ಸಹಕಾರಿ ಸಂಘದಲ್ಲಿ ಮ್ಯಾನೇಜರು. ನಾವು ಆಸೆಪಟ್ಟು ಕಲರ್ ಟೀವಿ ತಂದರೆ, ಆ ಟೀವಿಯಷ್ಟೇ ದೊಡ್ಡ ಸ್ಪೀಕರುಗಳ ನಡುವೆ ಅದಕ್ಕಿಂತ ದೊಡ್ಡ ಟೀವಿ ಅವನ ಮನೆಯಲ್ಲಿ ಆಗಲೇ ಕೂತಿರುತ್ತದೆ. ನಾನು ಮೊಬೈಲ್ ಕೊಂಡ ದಿನ ಅವನಿಗೆ ಫೋನ್ ಮಾಡಿದೆ. ಅವನು ಸಂತೋಷದಿಂದ, "ಒಳ್ಳೆದಾಯ್ತು ಅಣ್ಣ, ಅದರಲ್ಲಿ ಕ್ಯಾಮೆರಾ ಎಷ್ಟು ಒಳ್ಳೆದು ಉಂಟು?" ಎಂದು ಕೇಳಿದ. ನನ್ನದರಲ್ಲಿ ಕ್ಯಾಮೆರಾ ಇರಲಿಲ್ಲ. ಮೊಬೈಲಿನಲ್ಲಿ ಕ್ಯಾಮೆರಾ ಇರುತ್ತದೆಂಬುದೇ ನನಗೆ ಆಗ ಗೊತ್ತಾದದ್ದು.

ಆದರೆ ಒಂದು ವಿಷಯದಲ್ಲಿ ನಾನು ಅವನಿಗಿಂತ ಮೇಲು, ಅದು ಡ್ರೈವಿಂಗು. ನಮ್ಮ ಮಾವನ ಮನೆ ಮುಂಡಾಜೆಯಲ್ಲಿ, ಚಾರ್ಮಾಡಿ ಘಾಟಿಗೆ ಹೋಗುವ ರಸ್ತೆಯ ಪಕ್ಕದಲ್ಲೇ. ಹಿಂದೆ ಅವರು ಸ್ವಂತ ಜೀಪಿನಲ್ಲಿ ಘಾಟಿ ಹತ್ತಿ ಇಳಿಯುತ್ತಿದ್ದವರು. ನನ್ನ ಮದುವೆಯಾದ ಹೊಸತರಲ್ಲಿ ಒಂದು ದಿನ ಸ್ಟೇರಿಂಗನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ಅಷ್ಟೂ ತಿರುವುಗಳಲ್ಲಿ ನಾನು ಬೆವರುತ್ತಾ ಜೀಪು ಇಳಿಸಿದ ಮೇಲೆ, "ಅಡ್ಡಿಲ್ಲ" ಎಂದರು. ಮಿತಭಾಷಿಯಾದ ಅವರ ಬಾಯಲ್ಲಿ ಅದು ಪದ್ಮಶ್ರೀಗೆ ಸಮ. ನೇಮಿರಾಜ ಅಳಿಯನಾಗಿ ಬರುವ ಹೊತ್ತಿಗೆ ಜೀಪು ಮಾರಿಯಾಗಿತ್ತು. ಅವನಿಗೆ ಆ "ಅಡ್ಡಿಲ್ಲ" ಸಿಗಲಿಲ್ಲ. ಅವನ ಟೀವಿ, ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳನ್ನೆಲ್ಲ ನಾನು ಆ ಒಂದೇ ಮಾತಿನ ಬಲದಿಂದ ಸಹಿಸಿಕೊಂಡಿದ್ದೆ.

ನಮ್ಮೂರಿಗೂ ಬ್ರಾಡ್‌ಬ್ಯಾಂಡ್ ಬಂದ ಕಾಲದಲ್ಲಿ ಅವನ ಫೋನು ಬಂತು. "ಅಣ್ಣ, ಒಂದು ಕಾರ್ ರೇಸಿನ ಗೇಮು ಉಂಟು. ನೀವು ಅಲ್ಲಿಂದ ಓಡಿಸುವುದು, ನಾನು ಇಲ್ಲಿಂದ. ಒಂದೇ ರೋಡಿನಲ್ಲಿ ಇಬ್ಬರ ಕಾರೂ ಕಾಣ್ತದೆ. ಆಡುವನಾ?" ಹುಲಿಯ ಗವಿಗೆ ಕುರಿ ತಾನಾಗಿ ಬಂತೆಂದು ನಾನು ಮೀಸೆಯ ಅಡಿಯಲ್ಲಿ ನಕ್ಕೆ. ಊಟ ಆದ ಮೇಲೆ ಆಡುವುದೆಂದು ನಿಶ್ಚಯವಾಯಿತು. ನಾವು ಜೈನರು, ಸೂರ್ಯ ಮುಳುಗುವ ಮುಂಚೆ ನಮ್ಮ ರಾತ್ರಿ ಊಟ ಮುಗಿಯಬೇಕು. ಉಳಿದವರ ಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ನಮ್ಮ ಮನೆಯ ಪಾತ್ರೆ ತೊಳೆದಾಗಿರುತ್ತದೆ. ಆಮೇಲಿನ ಸಂಜೆ ಬಹಳ ಉದ್ದ. ಬಂಟ್ವಾಳದಲ್ಲೂ ಅದೇ ಕ್ರಮ, ಅದೇ ಉದ್ದ.

ಮೊದಲ ದಿನವೇ ನನ್ನ ಮಾನ ಹೋಯಿತು. ನನ್ನ ಕಾರು ಚೆನ್ನಾಗಿ ಹೊರಟಿತು. ಒಂದು ಸೇತುವೆ ದಾಟಿತು. ಆಮೇಲೆ ಇದ್ದಕ್ಕಿದ್ದಂತೆ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ನಾನು ಬಾಣದ ಗುರುತಿನ ಕೀಲಿಯನ್ನು ಒತ್ತೇ ಒತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಅದು ನಾನು ಒತ್ತಿದ್ದೆಲ್ಲವನ್ನೂ ಒಟ್ಟಿಗೆ ನೆನಪು ಮಾಡಿಕೊಂಡು ಒಂದೇ ನೆಗೆತಕ್ಕೆ ಗುಡ್ಡದೊಳಗೆ ನುಗ್ಗಿತು. ನೇಮಿರಾಜ ಗೆದ್ದ ಮೇಲೆ ಫೋನ್ ಮಾಡಿ, "ಅಣ್ಣ, ನಿಮ್ಮ ಕಾರಿನ ಮೈಮೇಲೆ ಭೂತದ ದರ್ಶನ ಬಂದ ಹಾಗೆ ಕಂಡಿತು. ನಿಂತಲ್ಲೇ ನಡುಗ್ತದೆ, ಮತ್ತೆ ಹಾರ್ತದೆ" ಎಂದ. ಕುಹಕವಿಲ್ಲದೆ, ಕಾಳಜಿಯಿಂದಲೇ ಹೇಳಿದ. ಅದಕ್ಕೇ ಹೆಚ್ಚು ಉರಿಯಿತು.

ಇದಕ್ಕೆ ಲ್ಯಾಗು ಎನ್ನುತ್ತಾರೆಂದು ಹೇಳಿದವನು ನನಗೆ ಕಂಪ್ಯೂಟರ್ ಮಾರಿದ ಅಶ್ರಫ್. ನಾವು ಕೀಲಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ಅಲ್ಲಿಂದ ಉತ್ತರ ಬರಲು ತಡವಾದರೆ ಕಾರು ನಿಲ್ಲುತ್ತದಂತೆ. "ಸೆಟ್ಟಿಂಗಲ್ಲಿ ಸರಿ ಮಾಡುವ ಸಾರ್" ಎಂದು ಅವನು ಧೈರ್ಯ ಕೊಟ್ಟ. ಹಿಂದೆ ನಮಗೆ ಕಾಣದಂತೆ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದ. ತಾನಾಗಿ ಅಪ್‌ಡೇಟ್ ಆಗುವುದನ್ನು ತಡೆದ. ಗೇಮಿಗೆ ಹೆಚ್ಚಿನ ಆದ್ಯತೆ ಕೊಡಬೇಕೆಂದು ಎಲ್ಲೋ ಒಳಗೆ ಹೋಗಿ ಏನನ್ನೋ ಒತ್ತಿದ. ವೈರಸ್ ತಡೆಯುವ ಪ್ರೋಗ್ರಾಮನ್ನೂ ಬಂದ್ ಮಾಡಿದ. ಮಾರನೆಯ ವಾರ ವೈರಸ್ ಬಂತು, ಅದನ್ನು ತೆಗೆಯಲೂ ಅವನೇ ಬಂದ. ಹೀಗೆ ನಮ್ಮ ಸ್ನೇಹ ಗಟ್ಟಿಯಾಯಿತು, ಕಾರು ಮಾತ್ರ ನಿಲ್ಲುವಲ್ಲಿ ನಿಲ್ಲುತ್ತಲೇ ಇತ್ತು.

ಅಶ್ರಫ್ ಸೋತ ಮೇಲೆ ನಾನೇ ಕೈ ಹಾಕಿದೆ. ಮೋಡೆಮ್ ಬಿಸಿಯಾಗುತ್ತದೆಂದು ಅದಕ್ಕೆ ಟೇಬಲ್ ಫ್ಯಾನ್ ಇಟ್ಟೆ. ಸೆಖೆಯಲ್ಲಿ ನಾನು ರಟ್ಟಿನಿಂದ ಗಾಳಿ ಹಾಕಿಕೊಂಡೆ. ಪರದೆಯ ಮೇಲಿದ್ದ ಗೊಮ್ಮಟೇಶ್ವರನ ಚಿತ್ರ ತೆಗೆದರೆ ಯಂತ್ರ ಹಗುರಾದೀತೆಂದು ತೆಗೆದೆ. ಹೆಂಡತಿ ವಿಜಯಾ ನೋಡಿ, "ಎಂತ ಮಾರಾಯ್ರೆ, ಒಂದು ಕಾರು ಓಡ್ಲಿಕ್ಕೆ ಸ್ವಾಮಿಯನ್ನೇ ಕೆಳಗಿಳಿಸಿದ್ರಾ?" ಎಂದಳು. ನಾಚಿಕೆಯಾಗಿ ಸ್ವಾಮಿಯನ್ನು ಪುನಃ ಪ್ರತಿಷ್ಠಾಪಿಸಿದೆ. ಆಮೇಲೆ ಗೇಮಿನೊಳಗಿನ ಅಂದಚಂದವನ್ನು ಕಡಿಮೆ ಮಾಡುತ್ತಾ ಬಂದೆ. ಮೊದಲು ನೆರಳು ಬಿಟ್ಟೆ. ಆಮೇಲೆ ಮರಗಳನ್ನು, ಮೋಡಗಳನ್ನು, ಕೈ ಬೀಸುವ ಜನರನ್ನು ಬಿಟ್ಟೆ. ಕೊನೆಗೆ ಶಬ್ದವನ್ನೂ ತ್ಯಜಿಸಿದೆ. ಒಂದು ಬೂದಿ ಬಣ್ಣದ ರಸ್ತೆ, ಅದರ ಮೇಲೆ ಒಂದು ಪೆಟ್ಟಿಗೆ, ಅಷ್ಟೇ ಉಳಿಯಿತು. ತ್ಯಾಗವನ್ನೇ ದೊಡ್ಡದೆಂದು ಹೇಳುವ ಮತದಲ್ಲಿ ಹುಟ್ಟಿದ ನಾನು ಅಷ್ಟನ್ನೆಲ್ಲ ತ್ಯಜಿಸಿದರೂ ನೇಮಿರಾಜನ ಮೇಲಿನ ಹೊಟ್ಟೆಕಿಚ್ಚನ್ನು ಮಾತ್ರ ತ್ಯಜಿಸಲಾಗಲಿಲ್ಲ. ಅವನ ಪರದೆಯಲ್ಲಿ ಮರಗಳೂ ಇದ್ದವು, ಮೋಡಗಳೂ ಇದ್ದವು, ಜಲಪಾತವೊಂದು ಇತ್ತಂತೆ. "ಆ ಜಲಪಾತದ ಹತ್ರ ನಾನು ನಿಮಗೆ ಕಾಯ್ತಾ ಇದ್ದೆ ಅಣ್ಣ" ಎಂದು ಒಂದು ದಿನ ಹೇಳಿದ.

ವಿಚಿತ್ರವೆಂದರೆ, ಭಾನುವಾರ ಬೆಳಿಗ್ಗೆ ನಾನೊಬ್ಬನೇ ಅಭ್ಯಾಸಕ್ಕೆ ಕೂತರೆ ಕಾರು ನೀರು ಹರಿದಂತೆ ಓಡುತ್ತಿತ್ತು. ಸಂಜೆ, ಊಟವಾಗಿ, ನೇಮಿರಾಜನ ಕಾರು ಪಕ್ಕಕ್ಕೆ ಬಂದು ನಿಂತರೆ ಮಾತ್ರ ಅದಕ್ಕೆ ಏನೋ ಆಗುತ್ತಿತ್ತು. ಅಶ್ರಫನನ್ನು ಕೇಳಿದೆ. "ಆ ಹೊತ್ತಿಗೆ ಊರಿನವರೆಲ್ಲ ದುಬೈ, ದಮ್ಮಾಮಿನವರ ಹತ್ರ ಮಾತಾಡ್ಲಿಕ್ಕೆ ಕೂರ್ತಾರೆ ಸಾರ್. ನಮ್ಮ ಮನೆಯಲ್ಲೇ ಕೂರ್ತಾರೆ. ನೆಟ್ಟೆಲ್ಲ ಸಮುದ್ರ ದಾಟಿ ಹೋಗ್ತದೆ" ಎಂದ. ಬಂಟ್ವಾಳದ ಪಕ್ಕದಲ್ಲೇ ಫರಂಗಿಪೇಟೆ ಇದೆ, ಅಲ್ಲಿಯೂ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ, ಹಾಗಾದರೆ ಅವನ ಕಾರು ಹೇಗೆ ಓಡುತ್ತದೆ ಎಂದು ವಾದಿಸಿದೆ. ಅಶ್ರಫ್ ಸ್ವಲ್ಪ ಯೋಚಿಸಿ, "ಅದು ಅವರ ಅದೃಷ್ಟ ಸಾರ್" ಎಂದ. ನನಗೆ ಆ ದಿನ ಊಟ ಸೇರಲಿಲ್ಲ.

ಇಷ್ಟರಲ್ಲಿ ಮಾವ ಹೊಸ ಕಾರು ಕೊಂಡರು. ಕುಟುಂಬ ಸಮೇತ ಶ್ರವಣಬೆಳಗೊಳಕ್ಕೆ ಹೋಗಿಬರುವುದೆಂದು ನಿಶ್ಚಯಿಸಿದರು. ಆದರೆ ಘಾಟಿಯಲ್ಲಿ ಓಡಿಸಲು ಅವರ ಕಣ್ಣು ಸಾಲದೆಂದು ಡಾಕ್ಟರು ಹೇಳಿದ್ದರು. ಇಬ್ಬರು ಅಳಿಯಂದಿರಲ್ಲಿ ಯಾರು ಓಡಿಸಬೇಕು? ಇದು ಪ್ರಶ್ನೆಯೇ ಅಲ್ಲವೆಂದು ನಾನು ತಿಳಿದಿದ್ದೆ. ಆದರೆ ನಮ್ಮ ರೇಸಿನ ಸುದ್ದಿ ಹೆಣ್ಣುಮಕ್ಕಳ ಮೂಲಕ ಮುಂಡಾಜೆಗೆ ತಲುಪಿಬಿಟ್ಟಿತ್ತು. ಬಸದಿಗೆಂದು ಮೂಡಬಿದ್ರೆಗೆ ಬಂದು ನಮ್ಮಲ್ಲೇ ಉಳಿದ ಮಾವ, ಕಾರಿನ ಕೀಲಿಯನ್ನು ಕಂಪ್ಯೂಟರ್ ಮೇಜಿನ ಮೇಲಿಟ್ಟು, "ಇವತ್ತು ಆಡಿ, ನೋಡ್ತೇನೆ. ಗೆದ್ದವರು ಓಡಿಸುವುದು" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ಅವರ ಮುಖ ನೋಡಿದರೆ ತಿಳಿಯುವುದಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಆ ಒಂದು "ಅಡ್ಡಿಲ್ಲ" ನನ್ನ ಕಣ್ಣ ಮುಂದೆಯೇ ಬಂಟ್ವಾಳಕ್ಕೆ ಹೊರಟು ನಿಂತಿತ್ತು.

ಊಟವಾಯಿತು. ಮಾವ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿ ಕೂತರು. ಫ್ಯಾನನ್ನು ಮೋಡೆಮಿಗೆ ತಿರುಗಿಸಿದೆ. ಅವರು ಒಮ್ಮೆ ಫ್ಯಾನನ್ನು, ಒಮ್ಮೆ ನನ್ನನ್ನು ನೋಡಿದರು. ರೇಸು ಶುರುವಾಯಿತು. ಸೇತುವೆಯವರೆಗೆ ನಾನೇ ಮುಂದೆ. ಸೇತುವೆ ದಾಟಿದ ಕೂಡಲೇ ಯಥಾಪ್ರಕಾರ ಕಾರು ನಿಂತಿತು. ನೇಮಿರಾಜನ ಕಾರು ಪಕ್ಕದಿಂದ ಸುಯ್ಯೆಂದು ಹೋಯಿತು. "ನೆಟ್ಟು ಮಾವ, ನೆಟ್ಟು ಸ್ಲೋ" ಎಂದು ನಾನು ಹಲುಬಿದೆ. ಮಾವನಿಗೆ ಅದು ಕೇಳಿಸಿದಂತಿರಲಿಲ್ಲ. ಅವರಿಗೆ ಕೇಳಿಸುತ್ತಿದ್ದದ್ದು ಬೇರೆ. ಅಡುಗೆಮನೆಯಲ್ಲಿ ವಿಜಯಾ ಫೋನಿನಲ್ಲಿ ಯಾರೊಡನೆಯೋ ನಗುತ್ತಾ ಮಾತಾಡುತ್ತಿದ್ದಳು. ಮಾವನ ಜೀಪಿನಲ್ಲಿ ಒಂದು ನಿಯಮವಿತ್ತು: ಘಾಟಿಯ ತಿರುವು ಬಂದರೆ ಒಳಗೆ ಕೂತವರು ಯಾರೂ ಮಾತಾಡಕೂಡದು. ಅವರು ಅದೇ ಹಳೆಯ ಗಂಟಲಿನಲ್ಲಿ, "ವಿಜಯಾ, ಫೋನ್ ಇಡು. ಇಲ್ಲಿ ಗಾಡಿ ಓಡಿಸ್ತಾ ಇದ್ದಾರೆ" ಎಂದು ಗದರಿದರು.

ಅವಳು ಫೋನ್ ಇಟ್ಟಳು. ಸ್ವಲ್ಪದರಲ್ಲೇ ನನ್ನ ಕಾರು ಓಡಿತು.

ನಾನು ಬಾಯಿ ಬಿಟ್ಟುಕೊಂಡು ಪರದೆ ನೋಡಿದೆ. ನೆಟ್ಟು ಬರುತ್ತಿದ್ದದ್ದು ಫೋನಿನ ತಂತಿಯಲ್ಲೇ. ವಿಜಯಾ ಕೆಲಸ ಬಿಟ್ಟು ಓಡಿ ಬರುವುದು ಬೇಡವೆಂದು ಆ ತಂತಿಯಿಂದ ಅಡುಗೆಮನೆಗೆ ಇನ್ನೊಂದು ಫೋನನ್ನು ಎಳೆದವನು ನಾನೇ, ನನ್ನ ಕೈಯಾರೆ. ಮಾತು ಮತ್ತು ನೆಟ್ಟು ಒಂದಕ್ಕೊಂದು ಅಡ್ಡ ಬಾರದಂತೆ ನಡುವೆ ಹಾಕಬೇಕಾದ ಪುಟ್ಟ ಪೆಟ್ಟಿಗೆಯೊಂದು ಮೋಡೆಮಿನ ಜೊತೆಯಲ್ಲೇ ಬಂದಿತ್ತು. ಹೆಚ್ಚುವರಿ ಇರಬೇಕೆಂದು ಅದನ್ನು ಕಪಾಟಿನಲ್ಲಿಟ್ಟಿದ್ದೆ. ಎರಡೂ ಮನೆಗಳಲ್ಲಿ ಊಟ ಒಂದೇ ಹೊತ್ತಿಗೆ ಮುಗಿಯುತ್ತದೆ, ಪಾತ್ರೆ ಒಂದೇ ಹೊತ್ತಿಗೆ ಮುಗಿಯುತ್ತದೆ. ಗಂಡಂದಿರು ಕಾರು ಓಡಿಸಲು ಕೂತರೆಂದರೆ ಅಕ್ಕತಂಗಿಯರಿಗೆ ನೆಮ್ಮದಿಯಾಗಿ ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ತಂಗಿ ಅಲ್ಲಿ ಮೊಬೈಲಿನಿಂದ ಮಾಡುತ್ತಿದ್ದಳು, ಅಕ್ಕ ಇಲ್ಲಿ ನನ್ನ ತಂತಿಯಲ್ಲಿ ಎತ್ತುತ್ತಿದ್ದಳು. ದುಬೈ, ದಮ್ಮಾಮುಗಳನ್ನು ನಾನು ಸುಮ್ಮನೆ ದೂರಿದ್ದೆ.

ನೇಮಿರಾಜ ಇನ್ನೂ ಬಹಳ ದೂರ ಹೋಗಿರಲಿಲ್ಲ. ಬಹುಶಃ ಜಲಪಾತದ ಹತ್ತಿರ ಎಂದಿನಂತೆ ಕಾಯುತ್ತಿದ್ದ. ನಾನು ಅವನನ್ನು ಹಿಡಿದೆ. ಲ್ಯಾಗು ಇಲ್ಲ, ನಡುಕ ಇಲ್ಲ, ಕೀಲಿ ಒತ್ತಿದ ಕ್ಷಣವೇ ಕಾರು ಹೇಳಿದ ಮಾತು ಕೇಳುತ್ತಿತ್ತು. ಹಿಂದೆ ಮಾವ, ಮೇಜಿನ ಮೇಲೆ ಅವರ ಕಾರಿನ ಕೀಲಿ. ಕೊನೆಯ ತಿರುವು ಬಂತು. ನಾನು ಎಡಕ್ಕೆ ತಿರುಗಿಸಿದೆ. ರಸ್ತೆ ಬಲಕ್ಕೆ ತಿರುಗಿತು. ನನ್ನ ಕಾರು ಒಂದಿಷ್ಟೂ ತಡಮಾಡದೆ, ಯಾವ ಅಡೆತಡೆಯೂ ಇಲ್ಲದೆ, ನೇರವಾಗಿ ಪ್ರಪಾತಕ್ಕೆ ಬಿತ್ತು.

ಮಾವ ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದರು. ಅಷ್ಟರಲ್ಲಿ ನೇಮಿರಾಜನ ಫೋನು ಬಂತು. "ಅಣ್ಣ, ಇವತ್ತು ಕೊನೆಗೆ ನಿಮ್ಮ ನೆಟ್ಟು ಕೈ ಕೊಟ್ಟಿತಲ್ಲ, ಛೆ. ಇಲ್ಲದಿದ್ರೆ ಗೆಲ್ತಿದ್ದಿರಿ." ಮಾವ ನನ್ನನ್ನೇ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ವಿಜಯಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ಹೌದು ನೇಮಿ, ಭಾರೀ ಸ್ಲೋ" ಎಂದೆ. ವಿಜಯಾ ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದಳು.

ಯಾತ್ರೆಯ ದಿನ ಬೆಳಗಿನ ಜಾವ ಎಲ್ಲರೂ ಮುಂಡಾಜೆಯಲ್ಲಿ ಸೇರಿದೆವು. ಮಾವ ಎಲ್ಲರೆದುರು ಕೀಲಿಯನ್ನು ನೇಮಿರಾಜನ ಕೈಗೆ ಕೊಟ್ಟರು. ಹಾಗಾದರೆ ಅವರು ತಮಾಷೆಗೆ ಹೇಳಿರಲಿಲ್ಲ. ನಾನು ಬೂಟಿನ ದಾರ ಕಟ್ಟುವವನಂತೆ ಬಗ್ಗಿದೆ. ಕಾಲಿನಲ್ಲಿ ಚಪ್ಪಲಿ ಇತ್ತು. ತಲೆ ಎತ್ತುವಾಗ ಕೀಲಿ ನನ್ನ ಮೂಗಿನ ಮುಂದೆ ತೂಗುತ್ತಿತ್ತು. "ನೀವೇ ಓಡಿಸಿ ಅಣ್ಣ" ಎಂದ ನೇಮಿರಾಜ. "ಘಾಟಿಯಲ್ಲಿ ನಿಮ್ಮ ಹಾಗೆ ನನಗೆ ಆಗ್ಲಿಕ್ಕಿಲ್ಲ. ಕಂಪ್ಯೂಟರಲ್ಲಾದ್ರೆ ಬಿದ್ರೆ ಪುನಃ ಏಳ್ಲಿಕ್ಕಾಗ್ತದೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ಬೇಕಾದದ್ದು ಕೈಗೆ ಬಂದಿತ್ತಲ್ಲ.

ಆ ದಿನ ಚಾರ್ಮಾಡಿಯ ತಿರುವುಗಳಲ್ಲಿ ಕಾರನ್ನು ನಾನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹತ್ತಿಸಿದೆ. ಒಂದು ಕುಲುಕಾಟವಿಲ್ಲ, ಒಂದು ಅನಗತ್ಯ ಬ್ರೇಕಿಲ್ಲ. ಈಗ ಬಂದೀತು, ಇನ್ನೊಂದು ತಿರುವಿಗೆ ಬಂದೀತು ಎಂದು ಹಿಂದಿನ ಸೀಟಿನಿಂದ ಬರಬೇಕಾದ ಆ ಒಂದು "ಅಡ್ಡಿಲ್ಲ"ಕ್ಕಾಗಿ ಕಿವಿಯಿಟ್ಟು ಕಾದೆ. ಘಾಟಿ ಮುಗಿದ ಮೇಲೆ ತಡೆಯಲಾರದೆ ಕನ್ನಡಿಯಲ್ಲಿ ನೋಡಿದೆ. ನೇಮಿರಾಜ ಮಾವನ ಹೆಗಲಿಗೆ ತಲೆಯೊರಗಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನ ನಿದ್ದೆ ಕೆಡಬಾರದೆಂದು ಮಾವ ಅಲುಗಾಡದೆ ಕೂತು, ತಮ್ಮ ಶಾಲನ್ನು ಮೆಲ್ಲಗೆ ಅವನಿಗೆ ಹೊದಿಸುತ್ತಿದ್ದರು. ನನ್ನ ಡ್ರೈವಿಂಗು ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಬೆಳಗೊಳದವರೆಗೂ ಎಚ್ಚರವಾಗಲಿಲ್ಲ.