ಮಾವನ ರೈಫಲ್ಲಿಗೆ ಹುಣಸೆ ಮರ

"ಒಂದೇ ತಿಂಗಳು ಕೊಡಿ ಮಾವ, ನಿಮ್ಮ ರೈಫಲ್ಲು ಕಾರ್ಖಾನೆಯಿಂದ ಇವತ್ತೇ ಇಳಿದು ಬಂದಂಗೆ ಮಾಡ್ಕೊಡ್ತೀನಿ!" ಎಂದು ನಾನು ಘೋಷಿಸಿದ್ದು ನಗರಗೆರೆಯ ಮಾವನ ಮನೆಯ ಜಗಲಿಯ ಮೇಲೆ, ಡಿಸೆಂಬರಿನ ಒಂದು ಭಾನುವಾರ. ಬಿ.ಎಸ್ಸಿ. ಓದಿ, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿರುವವನಿಗೆ ಒಂದು ತುಂಡು ಮರ ಯಾವ ಲೆಕ್ಕ?

"ಬೇಡ ಬಿಡಿ ಅಳಿಯಂದ್ರೆ, ಇದ್ದಂಗೇ ಇರ್ಲಿ," ಎಂದರು ಮಾವ ಮುನಿವೆಂಕಟಪ್ಪ. ಸಂಕೋಚ ಎಂದುಕೊಂಡೆ.

ಮಾವ ಸೈನ್ಯದಲ್ಲಿದ್ದು ಬಂದು, ಆಮೇಲೆ ಶಾಲೆಗಳಲ್ಲಿ ಕವಾಯತು ಕಲಿಸಿದವರು. ಈ ರೈಫಲ್ಲು ಗುಂಡು ಹಾರಿಸುವುದಲ್ಲ. ನಳಿಗೆಗೆ ತೂತು ಕೊರೆದು, ಕವಾಯತಿಗೆಂದು ಮಾತ್ರ ಉಳಿಸಿದ ಹಳೆಯ ಮಿಲಿಟರಿ ಸಾಮಾನು. ನಿವೃತ್ತಿಯ ದಿನ ಶಾಲೆಯವರು ಕಾಗದಪತ್ರ ಸಮೇತ ಅವರಿಗೇ ಕೊಟ್ಟಿದ್ದರು. ಪ್ರತಿ ಜನವರಿ ಇಪ್ಪತ್ತಾರರಂದು ಊರ ಶಾಲೆಯಲ್ಲಿ ಬಾವುಟ ಏರುವಾಗ ಮಾವ ಅದನ್ನು ಎದೆಯ ಮುಂದೆ ನೆಟ್ಟಗೆ ಎತ್ತಿ ಹಿಡಿದು ಸಲಾಮಿ ಕೊಡುತ್ತಾರೆ. ವಯಸ್ಸು ಎಪ್ಪತ್ತೆಂಟು. ಒಂದು ವರ್ಷವೂ ತಪ್ಪಿಲ್ಲ. ವರ್ಷವೆಲ್ಲ ಅವರು ಬದುಕುವುದೇ ಆ ಒಂದು ನಿಮಿಷಕ್ಕೆ.

ಹೆಗಲಿಗೆ ಆನಿಸುವ ಹಿಂಬದಿಯ ಮರ ಸೀಳು ಬಿಟ್ಟಿತ್ತು. ತಳದ ಹಿತ್ತಾಳೆ ಪಟ್ಟಿ ಬಿಚ್ಚಿ ನೋಡಿದರೆ ಒಳಗೆಲ್ಲ ಟೊಳ್ಳು!

"ಗೆದ್ದಲು!" ತೀರ್ಪು ಕೊಟ್ಟೆ.

"ಗೆದ್ದಲು ಇಷ್ಟು ನುಣ್ಣಗೆ ತಿನ್ನುತ್ತೇನ್ರೀ?" ಎಂದಳು ಹೆಂಡತಿ ಯಾಮಿನಿ.

"ನೀನು ಕಾಮರ್ಸು ಓದಿದೋಳು, ಸುಮ್ನಿರು!"

ರೈಫಲ್ಲನ್ನು ಶಿಡ್ಲಘಟ್ಟಕ್ಕೆ ತಂದೆ. ಮೊದಲು ತೂಕ ಬರೆದುಕೊಂಡೆ: ಮೂರು ಕಿಲೋ ಆರುನೂರು ಗ್ರಾಂ. ಆಮೇಲೆ ಹಿಂಬದಿ ಮರದ ಉದ್ದನೆಯ ತಿರುಪನ್ನು ಶಕ್ತಿಯೆಲ್ಲ ಹಾಕಿ ತಿರುಗಿಸಿದೆ. ನಳಿಗೆಯ ಕೆಳಗಿನ ಮುಂಬದಿ ಮರವನ್ನು ಮೊದಲು ಬಿಚ್ಚಿ, ನಂತರವೇ ಹಿಂದಿನದಕ್ಕೆ ಕೈಹಾಕಬೇಕಂತೆ. ಈ ನಿಯಮ ನನಗೆ ತಿಳಿದದ್ದು ಮುಂಬದಿ ಮರ "ಚಟ್" ಎಂದು ಸೀಳಿದ ಮೇಲೆ!

"ಒಂದು ಮರ ರಿಪೇರಿ ಅಂದ್ರಿ, ಎರಡಾಯ್ತು," ಎಂದಳು ಯಾಮಿನಿ. "ಇನ್ನೊಂದು ಸುತ್ತು ತಿರುಗಿಸಿ, ಕಬ್ಬಿಣನೂ ಮುರೀಲಿ!"

ಬಡಗಿ ರಾಮಾಂಜಿನಪ್ಪ ಎರಡೂ ತುಂಡುಗಳನ್ನು ಮೂಸಿ ನೋಡಿದ. "ಇದು ಅಕ್ರೋಟು ಸಾರ್, ನಮ್ಮತ್ರ ಎಲ್ಲೈತೆ? ಹಲಸು ಹಾಕ್ಲಾ? ಹಗುರ ಇರ್ತದೆ."

"ಎಲ್ಲಕ್ಕಿಂತ ಗಟ್ಟಿ ಯಾವುದು?"

"ಹುಣಸೆ. ಚಿಂತಾಮಣಿ ಕಡೇದು ಒಂದು ಬೊಡ್ಡೆ ಐತೆ, ಒನಕೆಗೆ ಅಂತ ಇಟ್ಟಿದ್ದೆ. ಉಳಿ ಬಗ್ತದೆ, ಅದು ಬಗ್ಗಲ್ಲ."

"ಅದೇ ಹಾಕು! ಗೆದ್ದಲಿನ ತಾತ ಬಂದ್ರೂ ಹಲ್ಲು ಮುರೀಬೇಕು!"

"ಒಳಗೆ ಟೊಳ್ಳು ಬಿಡ್ಲಾ ಸಾರ್, ಹಳೇದ್ರಂಗೆ?"

"ಕೂದಲೆಳೆಯಷ್ಟೂ ಬೇಡ!"

ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಹಿಡಿದು ಇಪ್ಪತ್ನಾಲ್ಕು ಕಡೆ ಅಳತೆ ತೆಗೆದುಕೊಟ್ಟೆ. ಅಳತೆಯಾದ ಹಳೆಯ ಮರ ನಮ್ಮ ಬಚ್ಚಲ ಹಂಡೆಯ ಕೆಳಗೆ ಉರಿದು ಎರಡು ದಿನದ ಸ್ನಾನಕ್ಕಾಯಿತು. ರಾಮಾಂಜಿನಪ್ಪ ಮುಗಿಸಿಕೊಟ್ಟದ್ದು ಜನವರಿ ಇಪ್ಪತ್ತೈದರ ಸಂಜೆ. ಮತ್ತೆ ತೂಗಿದೆ: ನಾಲ್ಕು ಕಿಲೋ ಐನೂರು. ಒಂಬೈನೂರು ಗ್ರಾಂ ಹೆಚ್ಚು! ತೂಕ ಬಂದರೆ ಘನತೆಯೂ ಬಂದಂತೆ ಎಂದು ಬೀಗಿದೆ.

ಅಚ್ಚರಿಯಾಗಲಿ ಎಂದು ಮರುದಿನ ಬೆಳಿಗ್ಗೆ ನಗರಗೆರೆ ಶಾಲೆಯ ಬಾವುಟದ ಕಂಬದ ಬಳಿಯೇ ಮಾವನ ಕೈಗೆ ಕೊಟ್ಟೆ. ಕೈ ಸ್ವಲ್ಪ ಕುಸಿಯಿತು. ಅವರು ನನ್ನ ಮುಖ ನೋಡಿದರು. ಮೆಚ್ಚುಗೆ ಎಂದುಕೊಂಡೆ.

ಬಾವುಟ ಏರಿತು. "ಸಲಾಮೀ... ಶಸ್ತ್ರ!" ಮಾವ ತಮಗೆ ತಾವೇ ಆಜ್ಞೆ ಕೊಟ್ಟುಕೊಂಡರು. ರೈಫಲ್ಲು ಸೊಂಟದವರೆಗೆ ಬಂತು, ನಿಂತಿತು, ನಡುಗಿತು. ಮುಂದಿನ ಕ್ಷಣ ಪಕ್ಕದಲ್ಲಿ ನಿಂತಿದ್ದ ನನ್ನ ಬಲಗಾಲ ಹೆಬ್ಬೆರಳ ಮೇಲೆ ನಾಲ್ಕು ಕಿಲೋ ಐನೂರು ಗ್ರಾಂ, ಒಂದು ಗ್ರಾಮೂ ಕಡಿಮೆಯಿಲ್ಲದೆ! ರಾಷ್ಟ್ರಗೀತೆಗೂ ಮೊದಲು ನನ್ನ ಗೀತೆ ಕೇಳಿಸಿತು. ಇಡೀ ಶಾಲೆ ನಕ್ಕಿತು. ನಗದೆ ನಿಂತವರು ಮಾವ ಒಬ್ಬರೇ, ಖಾಲಿ ಕೈ ಹಾಗೆಯೇ ಮುಂದಕ್ಕೆ ಚಾಚಿಕೊಂಡು.

"ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳಿ ಮೇಷ್ಟ್ರೆ," ಎಂದು ಹೆಡ್‌ಮಾಸ್ಟರಿಗೆ ಹೇಳಿ, ಮನೆ ಕಡೆ ನಡೆದರು.

ಅತ್ತೆ ಅಕ್ಕಯ್ಯಮ್ಮ ನನ್ನ ಹೆಬ್ಬೆರಳಿಗೆ ಅರಿಶಿನ ಮೆತ್ತುತ್ತಾ ದನಿ ತಗ್ಗಿಸಿದರು. "ಅದು ಗೆದ್ದಲಲ್ಲಪ್ಪ. ಅವರೇ. ಜನವರಿ ಹತ್ರ ಬಂತು ಅಂದ್ರೆ ದನದ ಕೊಟ್ಟಿಗೇಲಿ ಕೂತು, ಉಳೀಲಿ ಒಳಗೆ ಒಂದಿಷ್ಟು ಕೆರೆದು ಹಗುರ ಮಾಡ್ಕೊಳೋರು. ಐದು ವರ್ಷದಿಂದ. ಕೈಲಾಗ್ತಿಲ್ಲ ಅಂತ ಯಾರಿಗೂ ತಿಳೀಬಾರ್ದು. ಪುಡಿ ಗುಡಿಸಿ ಹಾಕಿದ್ದು ನಾನೇ. ನಂಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ನೀವೂ ಬಾಯಿ ಬಿಡ್ಬೇಡಿ."

ಇಪ್ಪತ್ನಾಲ್ಕು ಅಳತೆ ತೆಗೆದವನು "ಯಾಕೆ ಬೇಡ ಮಾವ?" ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ.

ಸಂಜೆ ಒಂದು ಉಳಿ ಹಿಡಿದು ಕುಂಟುತ್ತ ಕೊಟ್ಟಿಗೆಗೆ ಹೋದೆ. ಮಾವ ಹಸುವಿನ ಪಕ್ಕ ಕೂತಿದ್ದರು. ರೈಫಲ್ಲಿನ ಮೇಲೆ ಗೋಣಿಚೀಲ ಹೊದಿಸಿತ್ತು.

"ಮಾವ, ನನ್ನ ಲೆಕ್ಕ ತಪ್ಪಿದೆ. ಮರ ಜಾಸ್ತಿ ಆಗ್ಬಿಟ್ಟಿದೆ. ತಳದ ಪಟ್ಟಿ ಬಿಚ್ಚಿ ಒಳಗೆ ಕೊರೆದ್ರೆ ಸರಿಹೋಗುತ್ತೆ. ಹೊರಗೆ ಕಾಣಲ್ಲ."

ಅವರು ನನ್ನನ್ನು ನೋಡಿದರು. ಅಡುಗೆಮನೆಯ ಕಡೆಗೂ ಒಮ್ಮೆ ನೋಡಿದರು. ನನ್ನ ಕೈಲಿದ್ದ ಉಳಿ ತೆಗೆದುಕೊಂಡು, ಅದರ ಅಲಗಿಗೆ ಹೆಬ್ಬೆರಳು ಸವರಿ ಹರಿತ ನೋಡಿ, ವಾಪಸು ಕೊಟ್ಟರು.

"ಕೊರೀರಿ," ಎಂದರು. "ಎಲ್ಲಾ ಒಂದೇ ಸಲ ತೆಗೀಬೇಡಿ ಅಳಿಯಂದ್ರೆ. ಮುಂದಿನ ವರ್ಷ ಆದ್ಮೇಲೆ ಅದರಾಚೆ ವರ್ಷಕ್ಕೂ ಕೆರೆಯೋಕೆ ಒಂದಿಷ್ಟು ಮರ ಬೇಕಾಗ್ತದೆ."