ತೌವು ಕೊಟ್ಟ ಪಾಸ್‌ವರ್ಡ್

ಅಪೆನಿಸಾ ಹಡಗಿನ ಸೀಟು ಕಾದಿರಿಸುವ ಪ್ರೋಗ್ರಾಮ್ ಬರೆದು ಮುಗಿಸಿದ್ದ. ಅದನ್ನು ಕಂಪನಿಯ ಡೇಟಾಬೇಸಿಗೆ ಜೋಡಿಸುವುದೊಂದೇ ಬಾಕಿ. ಅದಕ್ಕೆ ಬೇಕಾದ ಪಾಸ್‌ವರ್ಡ್ ಕೆಳಮಹಡಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ತೈತುಸಿಯ ಬಳಿ ಇತ್ತು. ಪೀಕಲಾಟ ಶುರುವಾದದ್ದೇ ಅಲ್ಲಿ.

ಇಬ್ಬರೂ ತೌವು. ಅಂದರೆ ಇಬ್ಬರ ಊರಿನ ಮೂಲದೇವರುಗಳು ಅಣ್ಣತಮ್ಮಂದಿರು; ಒಬ್ಬರನ್ನೊಬ್ಬರು ಎಷ್ಟು ಬೈದರೂ ಮುಖ ಊದಿಸಿಕೊಳ್ಳುವಂತಿಲ್ಲ.

ಮೂರು ಗಂಟೆಗೆ ಅಪೆನಿಸಾನ ಊರಾದ ವೈಟಬು ದ್ವೀಪದ ಮುಖ್ಯಸ್ಥರ ಮುಂದೆ ಪ್ರೋಗ್ರಾಮ್ ಓಡಬೇಕು. ಓಡಿದರೆ ನೌಕರಿ ಖಾಯಂ, ಇಲ್ಲವಾದರೆ ಮನೆ. ಕಚೇರಿಯಿದ್ದ ಸುವಾ ಪಟ್ಟಣದ ಬಂದರಿನಲ್ಲಿ ಬಿಸಿಲೂ ತುಂತುರೂ ಒಟ್ಟಿಗೇ ಬೀಳುತ್ತಿದ್ದು, ಹಡಗುಗಳು ನೀರಿನ ಮೇಲಿವೆಯೋ ಮೋಡದ ಮೇಲಿವೆಯೋ ತಿಳಿಯುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಅಪೆನಿಸಾ ತೇಲುತ್ತ ಕೆಳಗಿಳಿದ.

“ತೌವು, ಪಾಸ್‌ವರ್ಡ್ ಏನೋ?”

“ವೈಟಬುವಿನವರೆಲ್ಲ ಮೀನುಗಳ್ಳರು!”

“ನಿಮ್ಮೂರೋರು ಆ ಮೀನಿನ ಮುಳ್ಳು ನೆಕ್ಕೋರು!” ಎಂದು ನಕ್ಕು ಅಪೆನಿಸಾ ಮೇಲೆ ಬಂದ. ಕುರ್ಚಿಯಲ್ಲಿ ಕೂತಮೇಲೆ, ಹೋದ ಕೆಲಸ ಆಗಿಲ್ಲವೆಂದು ಹೊಳೆಯಿತು. ಮತ್ತೆ ಹೋದ. ಮತ್ತೆ ಅದೇ ಮೀನುಗಳ್ಳರ ಬೈಗುಳ.

ಫೋನ್ ಹಿಡಿಯುವ ಲೋಸಲಿನಿ ಮೂಗು ತೂರಿಸಿದಳು. “ಬರಿಗೈಲಿ ಕೇಳಿದ್ರೆ ಯಾರಪ್ಪ ಕೊಡ್ತಾರೆ? ಕಾಣಿಕೆ ಕೊಡೋ ಯಂಗೋನ ಬೇರು ತಗೊಂಡೋಗಿ ಮರ್ಯಾದೆಯಾಗಿ ಕೇಳು.”

ಪಾಪ, ಅಪೆನಿಸಾ ಮಾರುಕಟ್ಟೆಗೆ ಓಡಿ ಬೇರಿನ ಕಂತೆ ತಂದ. ತೈತುಸಿಯ ಮುಂದೆ ಚಕ್ಕಳಮಕ್ಕಳ ಕೂತು, ತಲೆತಗ್ಗಿಸಿ ಒಪ್ಪಿಸಿದ. ತೈತುಸಿ ಕಂತೆ ಮುಟ್ಟಿ, ಕಾಣಿಕೆ ಒಪ್ಪಿದ ಗುರುತಿಗೆ ಗಂಭೀರವಾಗಿ ಮೂರು ಸಲ ಚಪ್ಪಾಳೆ ತಟ್ಟಿ ಹೇಳಿದ:

“ವೈಟಬುವಿನವರೆಲ್ಲ ಮೀನುಗಳ್ಳರು.”

“ಅಳಿಸ್ಬೇಡ ಕಣೋ! ಮೂರಕ್ಕೆ ಐದೇ ನಿಮಿಷ!”

“ಎಷ್ಟು ಸಲ ಹೇಳೋದೋ ಮಾರಾಯ? ಅದೇ ಪಾಸ್‌ವರ್ಡು!”

ಅಪೆನಿಸಾ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಮ್ಯಾನೇಜರ್ ಮೇಡಂ, ಮುಖ್ಯಸ್ಥರು, ಊರಿನ ಹಿರಿಯರು ಆಗಲೇ ಕೂತಿದ್ದರು. ಏದುಸಿರು ಬಿಡುತ್ತ ಪಾಸ್‌ವರ್ಡ್ ತುಂಬಿ ಓಡಿಸಿದ. ಪರೀಕ್ಷೆಗೆಂದು ಪ್ರತಿ ಹೆಜ್ಜೆಯನ್ನೂ ತೆರೆಯ ಮೇಲೆ ಬರೆಯುವಂತೆ ತಾನೇ ಪ್ರೋಗ್ರಾಮಿನಲ್ಲಿ ಹಾಕಿದ್ದ ಸಾಲನ್ನು ತೆಗೆಯಲು ಮರೆತಿದ್ದ. ಗೋಡೆಯ ದೊಡ್ಡ ತೆರೆಯ ಮೇಲೆ ಮೊಳದುದ್ದದ ಅಕ್ಷರ ಮೂಡಿತು:

ಬಳಕೆದಾರ: ಅಪೆನಿಸಾ. ಪಾಸ್‌ವರ್ಡ್: ವೈಟಬುವಿನವರೆಲ್ಲಮೀನುಗಳ್ಳರು. ಸಂಪರ್ಕ ಸಿಕ್ಕಿದೆ.

ಮುಖ್ಯಸ್ಥರು ಎರಡು ಸಲ ಓದಿಕೊಂಡರು. “ತೌವು ಅಂದಿದ್ರೆ ನಗ್ತಿದ್ವಿ. ನಮ್ಮೂರ ಮಗನೇ ಹಿಂಗೆ ಬರೆಯೋದಾ?”

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ತೈತುಸಿ ನಿಜ ಹೇಳಲು ಬಾಯಿ ತೆರೆದ; ನಗು ತಡೆಯಲಾಗದೆ ಹೊಟ್ಟೆ ಹಿಡಿದು ಕುಸಿದ.

ಮೇಡಂ ಕಣ್ಣಿಗೆ ಬಿದ್ದದ್ದು ಕೊನೆಯ ಎರಡು ಪದ ಮಾತ್ರ. “ಓಡ್ತು! ಅಪೆನಿಸಾ, ನಿನ್ನ ನೌಕರಿ ಖಾಯಂ. ಸೋಮವಾರದಿಂದ ವೈಟಬು ಕಚೇರೀಲೇ ಇದ್ದು ಇದನ್ನ ನೋಡ್ಕೋ.”

“ಕಳಿಸ್ಕೊಡಿ ಮೇಡಂ,” ಎಂದರು ಮುಖ್ಯಸ್ಥರು ತಣ್ಣಗೆ. “ಮೀನುಗಳ್ಳರೆಲ್ಲ ಹಡಗುಕಟ್ಟೆಗೇ ಬಂದು ಕಾಯ್ತಿರ್ತೀವಿ.”