ಎರಡು ರೂಪಾಯಿ ನೋಟಿನ ಕಿವಿ

ಸೊಟ್ಟಗಿರುವ ಯಾವ ವಸ್ತುವನ್ನು ಕಂಡರೂ ಚಲುವಯ್ಯನ ಕೈ ಸುಮ್ಮನಿರುತ್ತಿರಲಿಲ್ಲ. ಚನ್ನಪಟ್ಟಣದ ಲೋಕೇಶನ ಬೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬುಗುರಿ ಕಡೆದ ಕೈ ಅದು. ಆದ್ದರಿಂದಲೇ, ಸೋಮವಾರ ಬೆಳಿಗ್ಗೆ ಅವನದೊಂದು ಬುಗುರಿಯನ್ನು ಲೋಕೇಶ “ಕೂದ್ಲೆಳೆಯಷ್ಟು ಸೊಟ್ಟಗೈತೆ” ಎಂದು ಪಕ್ಕಕ್ಕೆಸೆದಾಗ ಚಲುವಯ್ಯನಿಗೆ ಮೈಯೆಲ್ಲ ಉರಿದುಹೋಯಿತು.

“ನಾಳಿಂದ ನಿಮ್ ಕಾರ್ಖಾನೆಗೆ ಬರಾಕಿಲ್ಲ. ಸ್ವಂತ ಲೇತ್ ಮಡಿಕ್ಕತೀನಿ.”

“ದುಡ್ಡೆಲ್ಲೈತೆ ಚಲುವಯ್ಯ?”

ದುಡ್ಡು ಅವನ ಅಂಗಿಜೇಬಿನಲ್ಲೇ ಇತ್ತು: ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಸಿಕ್ಕಿದ, ಎರಡು ರೂಪಾಯಿಯ ಹಳೆಯ ನೋಟು. ಅದರ ಫೋಟೊ ನೋಡಿದ ರಾಮನಗರದ ನೋಟು ಸಂಗ್ರಾಹಕ ಅನಂತರಾಜು ಮೇಷ್ಟ್ರು, ‘ಅಪರೂಪದ್ದು. ಮೂವತ್ತು ಸಾವಿರ ಕೊಡುತ್ತೇನೆ. ಹೇಗಿದೆಯೋ ಹಾಗೇ ತನ್ನಿ’ ಎಂದು ಸಂದೇಶ ಕಳಿಸಿದ್ದರು.

ಪಕ್ಕದ ಲೇತಿನ ದಾಸಪ್ಪ ನೋಟನ್ನು ಇಸಿದುಕೊಂಡು, ಹೆಣ್ಣು ನೋಡಲು ಬಂದ ಸೋದರಮಾವನಂತೆ ಹಿಂದೆಮುಂದೆ ಪರೀಕ್ಷಿಸಿದ. “ಹಿಂಗೇ ತಕ್ಕಂಡೋದೀಯಾ? ಸುಕ್ಕು ನೋಡ್ಲಾ. ಮೂಲೇಲಿ ಮೇಕೆಮರಿ ಕಿವಿಯಂಗೆ ಕಾಗ್ದ ಬ್ಯಾರೆ ಜೋತಾಡ್ತೈತೆ. ಒಸಿ ನೀಟ್ ಮಾಡಿದ್ರೆ ಐವತ್ತು ಸಾವ್ರ ಆಯ್ತದೆ ಕಣ್ಲಾ.”

ಆ ಕಿವಿಯನ್ನು ಚಲುವಯ್ಯ ಎರಡು ದಿನದಿಂದ ಹಲ್ಲುಕಚ್ಚಿ ಸಹಿಸಿಕೊಂಡಿದ್ದ. ಬೊಂಬೆಗೆ ಹೊಳಪು ಕೊಡುವ ತಾಳೆಗರಿಯಿಂದ ನೋಟನ್ನು ಉಜ್ಜಿ ಸುಕ್ಕು ತೆಗೆದ. ಉಕ್ಕಿನ ಪಟ್ಟಿ ಇಟ್ಟು, ಉಳಿಯನ್ನು ಒಮ್ಮೆ ಎಳೆದ. ಕಿವಿ ಮರದ ಹೊಟ್ಟಿನೊಳಗೆ ಬಿತ್ತು.

ಮಧ್ಯಾಹ್ನ ರಾಮನಗರದಲ್ಲಿ ಅನಂತರಾಜು ಭೂತಗನ್ನಡಿ ಹಿಡಿದು ನೋಟಿನ ಅಂಚನ್ನು ಸುತ್ತಲೂ ನೋಡಿದರು.

“ಮೂಲೇಲಿದ್ದ ಕಿವಿ ಎಲ್ಲಯ್ಯ?”

“ತೆಗ್ದ್‌ಬುಟ್ಟೆ ಸಾ. ಅಸಹ್ಯವಾಗಿತ್ತು.”

“ಅಚ್ಚಾಗೋವಾಗ ಕಾಗದ ಮಡಿಚ್ಕೊಂಡು, ಕತ್ತರಿಗೆ ತಪ್ಪಿಸ್ಕೊಂಡ ಮೂಲೆ ಅದು. ಮೂವತ್ತು ಸಾವಿರ ಆ ತಪ್ಪಿಗೆ ಕಣಯ್ಯ.” ಅವರು ಅಂಚನ್ನು ಮತ್ತೊಮ್ಮೆ ನೋಡಿದರು. “ಇಷ್ಟು ನೇರವಾಗಿ ಕತ್ತರಿಸೋಕೆ ಅಚ್ಚಿನವರಿಗೂ ಬರಲ್ಲ. ಈಗ ಇದು ಎರಡು ರೂಪಾಯಿ.”

“ತುಂಡು ತಂದು ಅಂಟಿಸಿದ್ರೆ?”

“ಒಂದೂಮುಕ್ಕಾಲು.”

ನಾಲ್ಕು ಗಂಟೆಗೆ ಚಲುವಯ್ಯ ಏನೂ ಆಗದವನಂತೆ ಬಂದು ತನ್ನ ಲೇತಿನ ಮುಂದೆ ಕುಳಿತ.

“ಬರಾಕಿಲ್ಲ ಅಂದಿದ್ದೆ?” ಎಂದ ಲೋಕೇಶ.

“ನಾಳಿಂದ ಅಂದಿದ್ದೆ. ಇವತ್ತಿನ್ನೂ ಮುಗ್ದಿಲ್ಲ.”

ಲೋಕೇಶ ಬೆಳಗಿನ ಬುಗುರಿಯನ್ನು ತಂದು ಮುಂದಿಟ್ಟ. “ಹಂಗಾರೆ ಇದ್ನ ಸರಿ ಮಾಡು.”

“ಇದ್ನ ಯಾರೂ ಮುಟ್ಟಂಗಿಲ್ಲ. ಸೊಟ್ಟಗೈತೆ ಅಂತಾನೇ ಇದಕ್ಕೆ ಬೆಲೆ.”

“ನೀನೇ ಮಡಿಕ್ಕೋ. ಅರವತ್ತು ರೂಪಾಯಿ ಕೂಲೀಲಿ ಹಿಡ್ಕತೀನಿ.”

ಚಲುವಯ್ಯ ಬುಗುರಿಯನ್ನು ಜೇಬಿಗೆ ಹಾಕಿಕೊಂಡು, ಅದೇ ಜೇಬಿನಿಂದ ನೋಟು ತೆಗೆದು ಮೇಜಿನ ಮೇಲಿಟ್ಟ.

“ಇಕ್ಕಳಿ ಎರಡು. ಉಳಿದ ಐವತ್ತೆಂಟು ಹಿಡ್ಕಳಿ. ಅಂಚು ಮಾತ್ರ ಒಸಿ ನೋಡಿ, ಕೂದ್ಲೆಳೆಯಷ್ಟೂ ಸೊಟ್ಟಿಲ್ಲ.”